8.2 ಲೀಟರ್ ಎಂಜಿನ್, ಆದರೂ ಪಿಕಪ್ ಇಲ್ಲ: 1976ರ ಎಲ್ಡೊರಾಡೊ ಕಾರೊಂದರ ಪ್ರಕರಣ

ಇದು 1976ರ ಕ್ಯಾಡಿಲಾಕ್ ಎಲ್ಡೊರಾಡೊ ಕಾರೊಂದರ ಪ್ರಕರಣ. ನಡೆದದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಕಾರಿನ ಮಾಲೀಕರು ಕರ್ನಾಟಕದಿಂದ ಹೋಗಿ ಅಲ್ಲೇ ನೆಲೆಸಿದ ನಿವೃತ್ತ ಎಂಜಿನಿಯರ್. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು, ಗ್ಯಾರೇಜುಗಳ ಗುರುತು ಎಲ್ಲ ಬಿಟ್ಟಿದ್ದೇನೆ. ಹಳೆ ಕಾರು ಇಟ್ಟುಕೊಂಡವರು ಇದನ್ನು ಓದಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ಎಂಜಿನ್ನಿಗೆ ಶಕ್ತಿ ಸಾಲದು ಅನ್ನಿಸಿದ ಕೂಡಲೇ ದೊಡ್ಡ ಪಾರ್ಟು ತಂದು ಹಾಕುವ ಆತುರ ಎಲ್ಲರಿಗೂ ಬರುತ್ತದೆ. ಎಂಜಿನ್ ತನ್ನಲ್ಲಿ ಇರಬೇಕಾದ ಶಕ್ತಿಯನ್ನು ಪೂರ್ತಿ ಕೊಡುತ್ತಿದೆಯಾ ಅಂತ ಮೊದಲು ಅಳೆದು ನೋಡುವವರು ಕಡಿಮೆ.

ಹಿನ್ನೆಲೆ

ಮಾಲೀಕರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, 1970ರ ದಶಕದಲ್ಲಿ ಮಿಷಿಗನ್ ಸೇರಿದವರು. ಆಗ ಅವರ ಮೇಲಧಿಕಾರಿಯ ಹತ್ತಿರ 1970ರ ಎಲ್ಡೊರಾಡೊ ಇತ್ತು. ಅದರಲ್ಲಿ ಕೂತು ಓಡಾಡಿದ್ದು ಇವರ ಮನಸ್ಸಿನಲ್ಲಿ ಉಳಿದಿತ್ತು. ನಿವೃತ್ತಿಯಾದ ಮೇಲೆ ಹುಡುಕಿ ಒಂದು ಎಲ್ಡೊರಾಡೊ ಕೊಂಡರು. ಸಿಕ್ಕಿದ್ದು 1976ರ ಮಾಡೆಲ್, ಎರಡು ಬಾಗಿಲಿನ ಹಾರ್ಡ್‌ಟಾಪ್. ಬಾಡಿ ಚೆನ್ನಾಗಿತ್ತು, ಒಳಗಿನ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಒರಿಜಿನಲ್.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. 1968ರಲ್ಲಿ ಕ್ಯಾಡಿಲಾಕ್ 472 ಕ್ಯೂಬಿಕ್ ಇಂಚಿನ ಹೊಸ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ತಂದಿತು. ಗಾತ್ರ 7.7 ಲೀಟರ್. 1970ರಲ್ಲಿ ಅದೇ ಎಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಹೆಚ್ಚಿಸಿ 500 ಕ್ಯೂಬಿಕ್ ಇಂಚು, 8.2 ಲೀಟರ್ ಮಾಡಿ ಎಲ್ಡೊರಾಡೊಗೆ ಕೊಟ್ಟರು. ಎಲ್ಡೊರಾಡೊ 1967ರಿಂದಲೇ ಮುಂದಿನ ಚಕ್ರ ಎಳೆಯುವ ಕಾರು. ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲಿ. ನಡುವೆ ಅಗಲವಾದ ಚೈನ್ ಒಂದು ಶಕ್ತಿಯನ್ನು ದಾಟಿಸುತ್ತದೆ. ಅಷ್ಟು ದೊಡ್ಡ ಎಂಜಿನ್ನಿಗೆ ಮುಂದಿನ ಚಕ್ರದ ಡ್ರೈವ್ ಕೊಡುವುದು ಅಂದಿನ ಕಾಲಕ್ಕೆ ಸಣ್ಣ ಸಾಹಸ ಅಲ್ಲ.

ಕಂಪನಿಯ 1970ರ ಪುಸ್ತಕದಲ್ಲಿ ಈ ಎಂಜಿನ್ನಿಗೆ 400 ಹಾರ್ಸ್‌ಪವರ್, 550 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ). ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಾಲು ಒತ್ತುತ್ತದೆ ಅನ್ನುವ ಲೆಕ್ಕ, 10ಕ್ಕೆ 1. 1976ರ ಪುಸ್ತಕದಲ್ಲಿ, ಅದೇ 500 ಕ್ಯೂಬಿಕ್ ಇಂಚಿಗೆ, 190 ಹಾರ್ಸ್‌ಪವರ್, 360 ಪೌಂಡ್-ಅಡಿ. ಕಂಪ್ರೆಶನ್ 8.5ಕ್ಕೆ 1. ಪೆಟ್ರೋಲ್ ಇಂಜೆಕ್ಷನ್ ಬೇಕು ಅಂದವರಿಗೆ 215 ಹಾರ್ಸ್‌ಪವರ್ ಇತ್ತು, ಆದರೆ ನಮ್ಮ ಕಾರು ಕಾರ್ಬೊರೇಟರಿನದು.

"ಅರ್ಧಕ್ಕಿಂತ ಕಡಿಮೆ ಆಗಿದೆ ಕಣಪ್ಪಾ. ಅದನ್ನ ವಾಪಸ್ ತರಬೇಕು," ಅಂದರು ಮಾಲೀಕರು. ಇಡೀ ಪ್ರಕರಣ ದಾರಿ ತಪ್ಪಿದ್ದು ಈ ಮಾತಿನಿಂದಲೇ.

ತೊಂದರೆ ಏನಿತ್ತು

ಕಾರು ಸ್ಟಾರ್ಟ್ ಆಗುತ್ತಿತ್ತು. ನಿಂತಲ್ಲಿ ನಯವಾಗಿ ಓಡುತ್ತಿತ್ತು. ಬ್ಲಾಕಿನಿಂದ ಅನುಮಾನಪಡುವಂಥ ಸದ್ದಿಲ್ಲ, ಹೊಗೆ ಇಲ್ಲ. ಆದರೆ ಹೈವೇಗೆ ಸೇರುವ ರ‍್ಯಾಂಪಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸದ್ದು ಮಾತ್ರ ಏರುತ್ತಿತ್ತು, ಗಾಡಿ ಏಳುತ್ತಿರಲಿಲ್ಲ. ಗಂಟೆಗೆ 40 ಮೈಲಿಯಿಂದ 60 ಮೈಲಿಗೆ ಏರಲು 10 ಸೆಕೆಂಡಿಗೂ ಜಾಸ್ತಿ. ಹಿಂದಿನಿಂದ ಲಾರಿ ಬರುತ್ತಿರುವಾಗ ಇದು ಬರೀ ಬೇಜಾರಿನ ವಿಷಯ ಅಲ್ಲ, ಅಪಾಯ. ಪೆಟ್ರೋಲ್ ಕೂಡ ಸಿಕ್ಕಾಪಟ್ಟೆ ಕುಡಿಯುತ್ತಿತ್ತು.

ಪಿಕಪ್ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಇಳಿದಿತ್ತು. ಒಂದು ಚಳಿಗಾಲ ಗ್ಯಾರೇಜಿನಲ್ಲಿ ನಿಂತಿದ್ದ ಕಾರನ್ನು ವಸಂತದಲ್ಲಿ ತೆಗೆದಾಗ ಒಮ್ಮೆಲೇ ಇನ್ನಷ್ಟು ಮಂದ ಆಯಿತು. ಈ ಕೊನೆಯ ಮಾತನ್ನು ಮಾಲೀಕರು ನಮಗೆ ಬಹಳ ತಡವಾಗಿ, ಅದೂ ಕೇಳಿದ ಮೇಲೆ ಹೇಳಿದರು. ಮೊದಲೇ ಯಾರಾದರೂ ಕೇಳಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ನಿಧಾನವಾಗಿ ಇಳಿಯುವ ಶಕ್ತಿಗೂ ಒಂದೇ ದಿನ ಇಳಿಯುವ ಶಕ್ತಿಗೂ ಕಾರಣ ಬೇರೆ ಬೇರೆ ಇರುತ್ತದೆ, ಅಲ್ವಾ?

ಮೊದಲ ಗ್ಯಾರೇಜಿನ ಕೆಲಸ

ನಾವು ನೋಡುವ ಮೊದಲೇ ಕಾರು ಬೇರೊಂದು ಗ್ಯಾರೇಜಿಗೆ ಹೋಗಿ ಬಂದಿತ್ತು. ಅಲ್ಲಿ ಕಿಡಿ ಬೀಳುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿ, ಕಿಡಿ ತಡವಾಗಿ ಬೀಳುತ್ತಿದೆ ಅಂತ, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿ ಮಾಡಿದ್ದರು. ಆಗಲೂ ಎಳೆಯದೇ ಇದ್ದಾಗ, ಕಾರ್ಬೊರೇಟರ್ ಸಾಲದು ಅಂತ ಒರಿಜಿನಲ್ ಕ್ವಾಡ್ರಾಜೆಟ್ ತೆಗೆದು ಅದಕ್ಕಿಂತ ದೊಡ್ಡದೊಂದನ್ನು ಹಾಕಿದರು, ಪೆಟ್ರೋಲ್ ಜಾಸ್ತಿ ಬಿಡುವ ಜೆಟ್ಟಿನ ಜೊತೆ. ಪ್ಲಗ್ಗು, ವೈರು ಹೊಸದು ಬಂತು. ಏನೂ ಬದಲಾಗಲಿಲ್ಲ.

ಮುಂದಿನ ಸಲಹೆ ದೊಡ್ಡದು. 1970ರ ಎಂಜಿನ್ನಿನ ಸಿಲಿಂಡರ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಹಾಕೋಣ, ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಬದಲಿಸೋಣ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ನೇರ ಪೈಪ್ ಹಾಕೋಣ, 400 ಹಾರ್ಸ್‌ಪವರ್ ವಾಪಸ್ ಬರುತ್ತದೆ. ಮಾಲೀಕರು ನಂಬಿದರು. ಹಳೆ ಹೆಡ್ ಒಂದು ಜೊತೆ ಹುಡುಕಿ ಕೊಂಡೂ ಬಿಟ್ಟರು. ಅಷ್ಟರಲ್ಲಿ ಒಂದು ಸಂಜೆ ನನಗೆ ಫೋನ್ ಮಾಡಿದರು. ನಾನು ಎಂಜಿನ್ ಟೆಸ್ಟಿಂಗ್ ಕೆಲಸದವನು. ಹಳೆ ಅಮೆರಿಕನ್ ವಿ8ಗಳನ್ನೇ ಬಿಚ್ಚಿ ಕಟ್ಟಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ನನಗೆ ಗೊತ್ತು. ಅವರನ್ನು ಇಲ್ಲಿ ಮೇಸ್ತ್ರಿ ಅಂತಲೇ ಕರೆಯುತ್ತೇನೆ, ನಾವಿಬ್ಬರೂ ನಮ್ಮೊಳಗೆ ಕರೆಯುವುದೂ ಹಾಗೇ. ಹೆಡ್ ಹಾಕುವ ಮೊದಲು ಅವರೊಮ್ಮೆ ನೋಡಲಿ ಅಂತ ಒಪ್ಪಿಸಿದೆ.

ಕಾಗದದ ಮೇಲಿನ ಲೆಕ್ಕ

ಕಾರಿನ ಬಾನೆಟ್ ತೆಗೆಯುವ ಮೊದಲು ಮಾಲೀಕರ ಜೊತೆ ಕೂತು ಲೆಕ್ಕ ಮಾಡಿದೆವು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಕೆಲಸ ಇದು.

400 ಮತ್ತು 190, ಎರಡನ್ನೂ ಅಳೆದ ರೀತಿಯೇ ಬೇರೆ. 1971ರವರೆಗೆ ಅಮೆರಿಕದಲ್ಲಿ ಜಾಹೀರಾತಿಗೆ ಬಳಸುತ್ತಿದ್ದದ್ದು ಗ್ರಾಸ್ ಅಂಕಿ. ಎಂಜಿನ್ನನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಏರ್ ಫಿಲ್ಟರ್ ಇಲ್ಲದೆ, ಕಾರಿನ ಸೈಲೆನ್ಸರ್ ಇಲ್ಲದೆ, ಶಕ್ತಿ ತಿನ್ನುವ ಪರಿಕರಗಳನ್ನು ಕಳಚಿಟ್ಟು ಅಳೆಯುತ್ತಿದ್ದರು. 1972ರ ಮಾಡೆಲ್‌ಗಳಿಂದ ನೆಟ್ ಅಂಕಿ ಬಂತು. ಕಾರಿನಲ್ಲಿ ಹೇಗೆ ಕೂತಿರುತ್ತದೋ ಹಾಗೇ, ಎಲ್ಲ ಪರಿಕರಗಳ ಜೊತೆ. 1971ರ ಎಲ್ಡೊರಾಡೊ ಪುಸ್ತಕದಲ್ಲಿ 365, 1972ರ ಪುಸ್ತಕದಲ್ಲಿ 235. ಆ ಒಂದು ವರ್ಷದಲ್ಲಿ ಎಂಜಿನ್ನಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಬದಲಾಗಿದ್ದು ಅಳತೆ. ಮಾಲೀಕರು ಕಳೆದುಹೋಯಿತು ಅಂದುಕೊಂಡ ಶಕ್ತಿಯಲ್ಲಿ ದೊಡ್ಡ ಪಾಲು ರಸ್ತೆಗೆ ಯಾವತ್ತೂ ಇಳಿದೇ ಇರಲಿಲ್ಲ.

ಉಳಿದದ್ದು ನಿಜವಾಗಿ ಕಳೆದದ್ದು, ಅದೂ ಬೇಕಂತಲೇ ಬಿಟ್ಟುಕೊಟ್ಟದ್ದು. ಸೀಸ ಕಡಿಮೆ ಇರುವ, ಆಕ್ಟೇನ್ ಕಡಿಮೆ ಇರುವ ಪೆಟ್ರೋಲಿಗೆ ಒಗ್ಗಲಿ ಅಂತ ಜನರಲ್ ಮೋಟಾರ್ಸ್ 1971ರಲ್ಲಿ ತನ್ನ ಎಂಜಿನ್ನುಗಳ ಕಂಪ್ರೆಶನ್ ಇಳಿಸಿತು. ಆಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಸಿಲಿಂಡರಿಗೆ ಕಳಿಸುವ ಇಜಿಆರ್ ಬಂತು. 1975ರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಅದರ ಜೊತೆ ಸೀಸವಿಲ್ಲದ ಪೆಟ್ರೋಲ್ ಕಡ್ಡಾಯವಾಯಿತು. 1970ರ ಶುದ್ಧ ಗಾಳಿ ಕಾನೂನಿಗೆ ಎಂಜಿನಿಯರುಗಳು ಕೈಯಲ್ಲಿದ್ದ ಸಾಧನಗಳಿಂದಲೇ ಉತ್ತರ ಕೊಡಬೇಕಿತ್ತು. ಕಂಪ್ಯೂಟರ್ ಇಲ್ಲ, ಆಕ್ಸಿಜನ್ ಸೆನ್ಸರ್ ಇಲ್ಲ. ಆ ಕಾಲದ ಎಂಜಿನ್ನುಗಳನ್ನು ಹೀಗಳೆಯುವವರನ್ನು ಕಂಡರೆ ನನಗೆ ಬೇಸರ ಆಗುವುದು ಇದಕ್ಕೇ. ಸಿಕ್ಕ ಸಮಯದಲ್ಲಿ ಅವರು ಮಾಡಿದ ಕೆಲಸ ಚಿಕ್ಕದಲ್ಲ.

ಇನ್ನೊಂದು ಅಂಕಿ ಮಾಲೀಕರ ಕಣ್ಣು ತೆರೆಸಿತು. 1976ರ ಎಂಜಿನ್ ತನ್ನ 360 ಪೌಂಡ್-ಅಡಿ ಟಾರ್ಕ್ ಕೊಡುವುದು ಬರೀ 2,000 ಆರ್‌ಪಿಎಂನಲ್ಲಿ. ಲೆಕ್ಕ ಹಾಕಿದರೆ ಆ ವೇಗದಲ್ಲೇ ಸುಮಾರು 137 ಹಾರ್ಸ್‌ಪವರ್ ಆಯಿತು. ಅಂದರೆ ಎಂಜಿನ್ ಕಿರುಚುವ ಅಗತ್ಯವೇ ಇಲ್ಲ. ಸುಮಾರು 2,300 ಕೆಜಿಯ ಕಾರನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗುವುದಕ್ಕೇ ಇದನ್ನು ಮಾಡಿದ್ದು. ಅಮೆರಿಕನ್ ಐಷಾರಾಮಿ ಕಾರಿನ ಎಂಜಿನಿಯರಿಂಗ್ ಅಂದರೆ ಇದೇ: ಗರಿಷ್ಠ ಶಕ್ತಿಗಿಂತ ತಳದಲ್ಲಿ ಸಿಗುವ ಎಳೆತ ಮುಖ್ಯ. "ಹಾಗಾದ್ರೆ ನನ್ನ ಕಾರು ತಳದಲ್ಲೇ ಎಳೀತಿಲ್ವಲ್ಲಪ್ಪಾ," ಅಂದರು ಅವರು. ಹೌದು. ತೊಂದರೆ ಅಂಕಿಯಲ್ಲಿಲ್ಲ, ಈ ಕಾರಿನಲ್ಲೇ ಇದೆ ಅನ್ನುವುದು ಆಗ ಅವರಿಗೂ ಖಾತ್ರಿಯಾಯಿತು.

ಇನ್ನು ಹೆಡ್ಡಿನ ಲೆಕ್ಕ. 500 ಕ್ಯೂಬಿಕ್ ಇಂಚನ್ನು ಎಂಟು ಸಿಲಿಂಡರಿಗೆ ಹಂಚಿದರೆ ಒಂದಕ್ಕೆ ಸುಮಾರು 1,024 ಸಿಸಿ. ಕಂಪ್ರೆಶನ್ 8.5ಕ್ಕೆ 1 ಅಂದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 136 ಸಿಸಿ. 1970ರ ಹೆಡ್ಡಿನ ಚೇಂಬರ್ 1976ರ ಹೆಡ್ಡಿನದಕ್ಕಿಂತ 40 ಸಿಸಿಯಷ್ಟು ಚಿಕ್ಕದು. ಅದನ್ನು ಹಾಗೇ ತಂದು 1976ರ ಪಿಸ್ಟನ್ ಮೇಲೆ ಕೂರಿಸಿದರೆ ಉಳಿಯುವುದು 96 ಸಿಸಿ. ಕಂಪ್ರೆಶನ್ 11.5 ದಾಟುತ್ತದೆ. ಎರಕದ ಕಬ್ಬಿಣದ ಹೆಡ್, ಬಂಕಿನಲ್ಲಿ ಸಿಗುವ ಪೆಟ್ರೋಲ್, ಅದರ ಮೇಲೆ ಇಷ್ಟು ಕಂಪ್ರೆಶನ್. ಬೇಸಿಗೆಯಲ್ಲಿ ಏರು ಹತ್ತಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಬಂದು ಪಿಸ್ಟನ್ ಒಡೆಯುವುದು ಬಹುತೇಕ ಖಂಡಿತ. 1970ರ ಎಂಜಿನ್ನಿನಲ್ಲಿ ಆ ಹೆಡ್ಡಿಗೆ ತಕ್ಕ ಪಿಸ್ಟನ್ ಇತ್ತು. ಹೆಡ್ ಮತ್ತು ಪಿಸ್ಟನ್ ಜೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ತರುವ ಹಾಗಿಲ್ಲ.

ಹೆಡ್ ಹಾಕುವುದಿಲ್ಲ ಅನ್ನುವ ತೀರ್ಮಾನ ಅಲ್ಲೇ ಆಯಿತು. ಕೊಂಡು ತಂದ ವಸ್ತುವನ್ನು ಬಳಸದೆ ಬಿಡುವುದು ಸುಲಭ ಅಲ್ಲ, ಮಾಲೀಕರು ಲೆಕ್ಕವನ್ನು ಇನ್ನೊಮ್ಮೆ ತಾವೇ ಮಾಡಿ ನೋಡಿ ಒಪ್ಪಿದರು.

ಸೈಲೆನ್ಸರ್ ಕಡೆ ಸಿಕ್ಕ ಸುಳಿವು

ಮೇಸ್ತ್ರಿ ಮೊದಲು ತೆಗೆದದ್ದು ವ್ಯಾಕ್ಯೂಮ್ ಗೇಜ್, ಎಂಜಿನ್ ಗಾಳಿ ಎಳೆಯುವ ಜೋರನ್ನು ಪಾದರಸದ ಇಂಚಿನಲ್ಲಿ ತೋರಿಸುವ ಮೀಟರ್. ಹಳೆ ಎಂಜಿನ್ನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರಾಮಾಣಿಕ ಉಪಕರಣ ಇನ್ನೊಂದಿಲ್ಲ. ಸರಿಯಾಗಿರುವ ಎಂಜಿನ್ ನಿಂತಲ್ಲಿ ಓಡುವಾಗ 17ರಿಂದ 21 ಇಂಚು ತೋರಿಸಬೇಕು. ಇದು 14 ತೋರಿಸಿತು. ಮುಳ್ಳು ಅಲ್ಲಾಡಲಿಲ್ಲ, ಗಟ್ಟಿಯಾಗಿ ನಿಂತಿತ್ತು. ಒಂದು ವಾಲ್ವ್ ಸುಟ್ಟಿದ್ದರೆ ಮುಳ್ಳು ತಾಳಕ್ಕೆ ತಕ್ಕಂತೆ ಬೀಳುತ್ತಿತ್ತು. ಎಲ್ಲೋ ಗಾಳಿ ಸೋರಿಕೆ ಇದ್ದಿದ್ದರೆ ಎಂಜಿನ್ ಒರಟಾಗಿ ಓಡುತ್ತಿತ್ತು. ಕಡಿಮೆ, ಆದರೆ ಸ್ಥಿರ: ಇದು ಯಾವುದೋ ಒಂದು ವಿಷಯ ಎಂಟೂ ಸಿಲಿಂಡರಿಗೆ ಒಟ್ಟಿಗೆ ತಡವಾಗುತ್ತಿರುವ ಗುರುತು.

ಆಮೇಲೆ ರೇಸ್ ಕೊಟ್ಟು 2,500 ಆರ್‌ಪಿಎಂನಲ್ಲಿ ಹಿಡಿದರು. ಮುಳ್ಳು ಮೊದಲು ಏರಿತು, ಆಮೇಲೆ ನಿಧಾನವಾಗಿ ಇಳಿಯುತ್ತ ಹೋಯಿತು. ಹೊಗೆ ಹೊರಗೆ ಹೋಗಲು ದಾರಿ ಇಲ್ಲ ಅನ್ನುವುದಕ್ಕೆ ಇದು ಸಾಕ್ಷಿ. ಕನ್ವರ್ಟರಿನ ಮುಂದೆ ಒತ್ತಡ ಅಳೆದರೆ 6 ಪಿಎಸ್ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ದಾಟಿತು. ಒಂದೂವರೆ ಎರಡರ ಒಳಗೆ ಇರಬೇಕಾದ ಜಾಗದಲ್ಲಿ.

ಆ ಕಾಲದ ಜನರಲ್ ಮೋಟಾರ್ಸ್ ಕನ್ವರ್ಟರಿನ ಒಳಗೆ ಈಗಿನಂತೆ ಜೇನುಗೂಡಿನ ಅಚ್ಚು ಇರುತ್ತಿರಲಿಲ್ಲ. ಸಣ್ಣ ಸಣ್ಣ ಗುಂಡುಗಳನ್ನು ತುಂಬಿರುತ್ತಿದ್ದರು. ಇದರಲ್ಲಿ ಗುಂಡುಗಳು ಬೆಂದು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಕಾರಣ ಮೊದಲ ಗ್ಯಾರೇಜಿನ ದೊಡ್ಡ ಜೆಟ್. ಸುಡದೆ ಉಳಿದ ಪೆಟ್ರೋಲ್ ಕನ್ವರ್ಟರಿನ ಒಳಗೆ ಉರಿದು ಅದನ್ನೇ ಬೇಯಿಸಿತ್ತು. ಒಂದು ತೊಂದರೆಗೆ ಹಾಕಿದ ತಪ್ಪು ಮದ್ದು ಎರಡನೆಯ ತೊಂದರೆ ತಂದಿಟ್ಟಿತ್ತು.

ಇಲ್ಲಿ ಎರಡನೆಯ ತೀರ್ಮಾನ. ನೇರ ಪೈಪ್ ಹಾಕಿದರೆ ಅಗ್ಗ, ಶಕ್ತಿಯೂ ಸ್ವಲ್ಪ ಸಿಗುತ್ತದೆ. ಆದರೆ ಕನ್ವರ್ಟರ್ ಕಿತ್ತು ಹಾಕುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ತಪ್ಪು. ಹೊಗೆಯ ದಾರಿಯಲ್ಲಿ ಕಟ್ಟಿಕೊಂಡದ್ದು ಬಿಡಿಸಿದರೆ ಸಾಕು, ಇರುವುದನ್ನು ಕಿತ್ತು ಹಾಕಬೇಕಾಗಿಲ್ಲ. ಜೇನುಗೂಡಿನ ಅಚ್ಚಿನ ಹೊಸ ಕನ್ವರ್ಟರ್ ಹಾಕಿದೆವು. ಡಬ್ಬದಲ್ಲಿ ಎತ್ತಿಟ್ಟಿದ್ದ ಕ್ವಾಡ್ರಾಜೆಟ್ಟನ್ನು ಬಿಚ್ಚಿ ತೊಳೆದು, ಗ್ಯಾಸ್ಕೆಟ್ ಬದಲಿಸಿ, ಒರಿಜಿನಲ್ ಜೆಟ್ ಜೊತೆ ವಾಪಸ್ ಕೂರಿಸಿದೆವು. ಇದು ಜಾಣ ಕಾರ್ಬೊರೇಟರ್. ಮುಂದಿನ ಎರಡು ಬಾಯಿ ಚಿಕ್ಕವು, ಊರೊಳಗೆ ಓಡಿಸುವಾಗ ಗಾಳಿ ಬಿರುಸಾಗಿ ಹೋಗಿ ಪೆಟ್ರೋಲ್ ಚೆನ್ನಾಗಿ ಬೆರೆಯುತ್ತದೆ. ಹಿಂದಿನ ಎರಡು ದೊಡ್ಡವು, ಪೂರ್ತಿ ಒತ್ತಿದಾಗ ಎಂಜಿನ್ ಎಷ್ಟು ಕೇಳುತ್ತದೋ ಅಷ್ಟೇ ಬಿಡುತ್ತವೆ. ಈ ಎಂಜಿನ್ನಿಗೆ ಅದು ಧಾರಾಳ ಸಾಕು.

ಓಡಿಸಿ ನೋಡಿದರು. ಹೈವೇ ವೇಗದಲ್ಲಿ ಉಸಿರು ಬಂದಿತ್ತು. ಆದರೆ ಸಿಗ್ನಲ್ ಬಿಟ್ಟಾಗ, ರ‍್ಯಾಂಪಿನ ಬುಡದಲ್ಲಿ, ಇನ್ನೂ ಅದೇ ಸೋಮಾರಿತನ. "ನೋಡಪ್ಪಾ, ಕ್ಯಾಮ್ ಬದಲಿಸಲೇಬೇಕು ಅನ್ಸುತ್ತೆ," ಅಂದರು ಮಾಲೀಕರು. "ಸಾರ್, ವ್ಯಾಕ್ಯೂಮ್ ಇನ್ನೂ 15 ದಾಟಿಲ್ಲ. ಅದಕ್ಕೆ ಉತ್ತರ ಸಿಗೋ ತನಕ ಪಾರ್ಟ್ ತರೋದು ಬೇಡ," ಅಂದೆ. ಸ್ವಲ್ಪ ಸುಧಾರಿಸಿದಾಗ ಇಷ್ಟೇ ಇರಬೇಕು ಅಂತ ಒಪ್ಪಿಕೊಂಡು ಬಿಡುವುದು, ಇಲ್ಲ ಹಳೆ ಊಹೆಗೆ ಮರಳುವುದು, ಎರಡೂ ಇಲ್ಲಿ ಸುಲಭವಾಗಿತ್ತು.

ಎಂಟೂ ಸಿಲಿಂಡರ್ ಒಂದೇ ಸಮ ಕಡಿಮೆ

ಕಂಪ್ರೆಶನ್ ಟೆಸ್ಟ್ ಮಾಡಿದೆವು. ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿಗೆ ಚಾರ್ಜರ್ ಹಾಕಿ. ಎಂಟೂ ಸಿಲಿಂಡರ್ 110ರಿಂದ 118 ಪಿಎಸ್ಐ ಒಳಗೆ ಬಂದವು. ಈ ಎಂಜಿನ್ನಿಗೆ 140-150 ನಿರೀಕ್ಷಿಸಬೇಕಿತ್ತು.

ಈ ಅಂಕಿಗಳನ್ನು ಎರಡು ಥರ ಓದಬಹುದು. ಒಂದು: ಎಂಜಿನ್ ಸವೆದಿದೆ, ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಪೂರ್ತಿ ಬಿಚ್ಚಬೇಕು. ಹೆಚ್ಚಿನವರು ಹೀಗೇ ಓದುತ್ತಾರೆ. ಆದರೆ ಮೇಸ್ತ್ರಿ ಬೇರೆ ಥರ ಓದಿದರು. ಸವೆತ ಯಾವತ್ತೂ ಎಂಟು ಕಡೆ ಸಮನಾಗಿ ಆಗುವುದಿಲ್ಲ. ಒಂದು 90 ಇರಬೇಕು, ಇನ್ನೊಂದು 135 ಇರಬೇಕು. ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ರಿಂಗ್ ಸೋರುತ್ತಿದ್ದರೆ ಅಂಕಿ ಜಿಗಿಯಬೇಕಿತ್ತು. ಜಿಗಿಯಲಿಲ್ಲ. ಹೊರಗಿನಿಂದ ಗಾಳಿ ತುಂಬಿ ಸೋರಿಕೆ ನೋಡಿದರು. ರಿಂಗೂ ವಾಲ್ವೂ ಗಟ್ಟಿ.

ಸಿಲಿಂಡರ್ ಗಟ್ಟಿಯಾಗಿದೆ, ಆದರೂ ಒತ್ತಡ ಇಲ್ಲ. ಹಾಗಾದರೆ ಒತ್ತುವುದಕ್ಕೆ ಬೇಕಾದ ಗಾಳಿಯೇ ಒಳಗೆ ನಿಲ್ಲುತ್ತಿಲ್ಲ. ಗಾಳಿ ಒಳಬಿಡುವ ವಾಲ್ವ್ ಮುಚ್ಚಬೇಕಾದ ಹೊತ್ತಿಗೆ ಮುಚ್ಚದೆ, ಪಿಸ್ಟನ್ ಮೇಲೇರಲು ಶುರು ಮಾಡಿದ ಮೇಲೂ ತೆರೆದೇ ಇದ್ದರೆ, ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಸೈಕಲ್ ಪಂಪನ್ನು ಅರ್ಧ ಒತ್ತಿದ ಮೇಲೆ ಅದರ ತುದಿಗೆ ಬೆರಳು ಇಟ್ಟ ಹಾಗೆ. ವೇಗ ಜಾಸ್ತಿ ಇದ್ದಾಗ ಒಳನುಗ್ಗುವ ಗಾಳಿಗೆ ರಭಸ ಇರುತ್ತದೆ, ಅಷ್ಟಾಗಿ ಹಿಂದೆ ಹೋಗುವುದಿಲ್ಲ. ತಳದ ವೇಗದಲ್ಲಿ ಪೂರ್ತಿ ಪೆಟ್ಟು ಬೀಳುತ್ತದೆ. ಈ ಕಾರಿನ ದೂರೂ ಅದೇ ಅಲ್ವಾ?

ವಾಲ್ವುಗಳನ್ನು ಒಟ್ಟಿಗೆ ತಡ ಮಾಡುವುದು ಒಂದೇ ವಸ್ತು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟ್ ತಿರುಗಿಸುವ ಟೈಮಿಂಗ್ ಚೈನ್.

ಮೇಸ್ತ್ರಿ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರು. ಈ ಎಂಜಿನ್ನಿನಲ್ಲಿ ಅದು ಮುಂಭಾಗದಲ್ಲೇ ಇದೆ, ನೋಡಲು ಅನುಕೂಲ. ಕ್ರ್ಯಾಂಕ್ ಬೋಲ್ಟಿಗೆ ಉದ್ದನೆಯ ಹಿಡಿ ಹಾಕಿ ಕೈಯಲ್ಲೇ ಒಂದು ಕಡೆ ತಿರುಗಿಸಿದರು, ಒಳಗಿನ ರೋಟರ್ ತಿರುಗಿತು. ನಿಲ್ಲಿಸಿ ಹಿಂದಕ್ಕೆ ತಿರುಗಿಸಿದರು. ಕ್ರ್ಯಾಂಕ್ ತಿರುಗುತ್ತಿದೆ, ರೋಟರ್ ಸುಮ್ನೆ ನಿಂತಿದೆ. 12 ಡಿಗ್ರಿ ದಾಟಿದ ಮೇಲೆ ಅಲ್ಲಾಡಿತು. ಐದಾರು ಡಿಗ್ರಿ ಇದ್ದರೆ ನಾವು ಬಿಟ್ಟುಬಿಡುತ್ತೇವೆ. ಹನ್ನೆರಡು ಅಂದರೆ ಚೈನ್ ಜೋತುಬಿದ್ದಿದೆ ಅಂತಲೇ ಅರ್ಥ.

ಅಷ್ಟರಲ್ಲಿ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಇನ್ನೊಂದು ಕಾಣಿಸಿತು. ವರ್ಷಗಳ ಆಯಿಲ್ ಕೊಳೆ ಗಟ್ಟಿಯಾಗಿ ಕೂತ ಜಾಗದಲ್ಲಿ, ಕ್ಲಾಂಪ್ ಮೊದಲು ಎಲ್ಲಿತ್ತು ಅನ್ನುವುದರ ಶುಭ್ರವಾದ ಗುರುತು ಹಾಗೇ ಉಳಿದಿತ್ತು. ಈಗ ಡಿಸ್ಟ್ರಿಬ್ಯೂಟರ್ ಅಲ್ಲಿಂದ ಅರ್ಧ ಬೆರಳಗಲ ಸರಿದಿತ್ತು. ಟೈಮಿಂಗ್ ಸರಿ ಮಾಡಲು ಇಷ್ಟು ದೂರ ತಿರುಗಿಸಬೇಕಾಗುವುದಿಲ್ಲ. ಮಾಲೀಕರನ್ನು ಆಗ ಕೇಳಿದೆವು, ಶಕ್ತಿ ಯಾವಾಗಲಾದರೂ ಒಮ್ಮೆಲೇ ಇಳಿದದ್ದು ಉಂಟಾ ಅಂತ. ಚಳಿಗಾಲ ಕಳೆದ ಆ ಮೊದಲ ಸ್ಟಾರ್ಟಿನ ವಿಷಯ ಹೊರಬಂದದ್ದು ಆವಾಗ.

ಈಗ ಎಲ್ಲ ಕೂಡಿಕೊಂಡಿತು. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ಶಾಫ್ಟಿನಿಂದ. ಚೈನ್ ಹಲ್ಲು ಹಾರಿದರೆ ವಾಲ್ವ್ ತಡವಾಗುತ್ತದೆ, ಕಿಡಿಯೂ ಅಷ್ಟೇ ತಡವಾಗುತ್ತದೆ. ಟೈಮಿಂಗ್ ಲೈಟ್ ತೋರಿಸುವುದು ಕ್ರ್ಯಾಂಕಿಗೆ ಹೋಲಿಸಿದರೆ ಕಿಡಿ ಯಾವಾಗ ಬಿತ್ತು ಅನ್ನುವುದನ್ನು ಮಾತ್ರ. ಮೊದಲ ಗ್ಯಾರೇಜಿನವರು ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಕಿಡಿ ಸರಿಯಾಯಿತು, ಲೈಟಿನಲ್ಲಿ ಎಲ್ಲ ಸರಿ ಕಂಡಿತು. ವಾಲ್ವ್ ಮಾತ್ರ ತಡವಾಗಿಯೇ ಉಳಿಯಿತು. ಅಂದಿನಿಂದ ಯಾರೇ ಲೈಟ್ ಹಿಡಿದರೂ ತಪ್ಪು ಕಾಣುವಂತಿರಲಿಲ್ಲ. ರೋಗದ ಒಂದೇ ಒಂದು ಹೊರಗುರುತನ್ನು ಆ ದಿನ ಅಳಿಸಿಬಿಟ್ಟಿದ್ದರು. ಈ ಪ್ರಕರಣದಲ್ಲಿ ಬೇರೆಯವರು ಕಲಿಯಬೇಕಾದ್ದು ಒಂದೇ ಇದ್ದರೆ ಅದು ಇದು: ಟೈಮಿಂಗ್ ತಾನಾಗಿ ತಪ್ಪುವುದಿಲ್ಲ. ಕ್ಲಾಂಪ್ ಬಿಗಿಯಾಗಿದ್ದೂ ಟೈಮಿಂಗ್ ಬಹಳ ಸರಿದಿದ್ದರೆ, ಸರಿ ಮಾಡುವ ಮೊದಲು ಯಾಕೆ ಸರಿಯಿತು ಅಂತ ಕೇಳಬೇಕು.

ಮುಂದಿನ ಕವರ್ ತೆಗೆದಾಗ

ರೇಡಿಯೇಟರ್, ಫ್ಯಾನ್, ಪುಲ್ಲಿ ಎಲ್ಲ ಕಳಚಿ ಮುಂದಿನ ಕವರ್ ತೆಗೆದರು. ಕ್ಯಾಮ್‌ಶಾಫ್ಟಿನ ಗೇರ್ ಅಲ್ಯೂಮಿನಿಯಂನದು, ಅದರ ಹಲ್ಲುಗಳ ಮೇಲೆ ನೈಲಾನ್ ಹೊದಿಕೆ. ನೈಲಾನ್ ಕಂದು ಬಣ್ಣಕ್ಕೆ ತಿರುಗಿ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಕೆಲವು ಹಲ್ಲು ಅರ್ಧ ಉಳಿದಿದ್ದವು, ಕೆಲವು ಪೂರ್ತಿ ಮಾಯ. ಚೈನ್ ಒಂದು ಹಲ್ಲು ಹಾರಿತ್ತು. ಕ್ರ್ಯಾಂಕಿನ ಲೆಕ್ಕದಲ್ಲಿ ಕ್ಯಾಮ್ ಹತ್ತಿರ ಹತ್ತಿರ 20 ಡಿಗ್ರಿ ತಡ.

ನೈಲಾನ್ ಯಾಕೆ ಹಾಕಿದರು ಅಂತ ಮಾಲೀಕರು ಸಿಟ್ಟಿನಿಂದಲೇ ಕೇಳಿದರು. ಉತ್ತರ ಸರಳ, ಸದ್ದಿಗಾಗಿ. ಲೋಹದ ಹಲ್ಲಿನ ಮೇಲೆ ಲೋಹದ ಚೈನ್ ಓಡಿದರೆ ಸಣ್ಣದೊಂದು ಸಿಳ್ಳೆಯಂಥ ಸದ್ದು ಬರುತ್ತದೆ. ನೈಲಾನ್ ಅದನ್ನು ನುಂಗುತ್ತದೆ. ಆ ಕಾಲದಲ್ಲಿ ಹಲವು ಅಮೆರಿಕನ್ ಕಂಪನಿಗಳು ತಮ್ಮ ವಿ8ಗಳಿಗೆ ಇಂಥದೇ ಗೇರ್ ಹಾಕಿದ್ದವು. ಕಾರಿನೊಳಗೆ ಗಡಿಯಾರದ ಸದ್ದು ಕೇಳಬೇಕು, ಎಂಜಿನ್ನಿನದ್ದಲ್ಲ ಅನ್ನುವ ಗಿರಾಕಿಗೆ ಅದು ಸರಿಯಾದ ಆಯ್ಕೆ. ಹೊಸ ಕಾರು ಕೊಂಡವರು ಕೆಲವೇ ವರ್ಷ ಇಟ್ಟುಕೊಂಡು ಮಾರುತ್ತಿದ್ದರು. ನಾಲ್ಕು ದಶಕ ದಾಟಿ ಓಡಿಸುತ್ತಾರೆ ಅಂತ ಯಾವ ಎಂಜಿನಿಯರ್ ತಾನೇ ಲೆಕ್ಕ ಹಾಕುತ್ತಾನೆ? ನೈಲಾನ್ ಸಾಯುವುದು ಮೈಲಿಯಿಂದಲ್ಲ, ವಯಸ್ಸು ಮತ್ತು ಬಿಸಿಯಿಂದ. ಕಡಿಮೆ ಓಡಿದ ಕಾರು ಅಂತ ಧೈರ್ಯ ತೆಗೆದುಕೊಳ್ಳುವ ಹಾಗಿಲ್ಲ.

ಮೂರನೆಯ ತೀರ್ಮಾನ: ಬದಲಿಗೆ ಏನು ಹಾಕುವುದು? ರೇಸ್ ಕಾರಿಗೆ ಬಳಸುವ ಡಬಲ್ ರೋಲರ್ ಚೈನ್ ಗಟ್ಟಿ, ಆದರೆ ಸದ್ದು ಜಾಸ್ತಿ. ನೈಲಾನಿನದ್ದೇ ಮತ್ತೆ ಹಾಕುವುದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. ಪೂರ್ತಿ ಲೋಹದ ಹಲ್ಲಿನ ಗೇರ್, ಅದರ ಮೇಲೆ ಒರಿಜಿನಲ್ ಮಾದರಿಯ ಪಟ್ಟಿ ಚೈನ್, ಇದಕ್ಕೆ ಬಂದು ನಿಂತೆವು. ಬಾಳಿಕೆಯೂ ಇದೆ, ಸದ್ದೂ ಹೆಚ್ಚಿಲ್ಲ. ಕ್ಯಾಮ್‌ಶಾಫ್ಟ್ ಅದೇ ಇತ್ತು, ಅದರ ಉಬ್ಬುಗಳು ಚೆನ್ನಾಗಿದ್ದವು.

ಇಲ್ಲಿಗೆ ಕೆಲಸ ಮುಗಿಸಬಹುದಿತ್ತು. ಮಾಲೀಕರಿಗೂ ಖರ್ಚು ಸಾಕಾಗಿತ್ತು. ಆದರೆ ಮಾಯವಾದ ಹಲ್ಲು ಎಲ್ಲಿ ಹೋಯಿತು? ಕೆಳಗಿನ ಆಯಿಲ್ ಪ್ಯಾನಿಗೆ. ಪ್ಯಾನ್ ಇಳಿಸುವುದು ಈ ಕಾರಿನಲ್ಲಿ ದೊಡ್ಡ ಕೆಲಸ, ಬಲ ಚಕ್ರಕ್ಕೆ ಹೋಗುವ ಶಾಫ್ಟ್ ಅಡ್ಡ ಬರುತ್ತದೆ. ಮೇಸ್ತ್ರಿ ಪಟ್ಟು ಹಿಡಿದರು. ಪ್ಯಾನ್ ತೆಗೆಯದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿಕೊಡುವುದಿಲ್ಲ ಅಂದರು. ಇಳಿಸಿದರೆ, ಆಯಿಲ್ ಹೀರುವ ಜಾಲರಿಯ ಅರ್ಧಕ್ಕಿಂತ ಜಾಸ್ತಿ ನೈಲಾನ್ ಚೂರುಗಳಿಂದ ಮುಚ್ಚಿತ್ತು. ಹೊಸ ಚೈನ್ ಹಾಕಿ, ಶಕ್ತಿ ಬಂದ ಖುಷಿಯಲ್ಲಿ ಹೈವೇಯಲ್ಲಿ ಒತ್ತಿದ್ದರೆ ಬೇರಿಂಗುಗಳಿಗೆ ಆಯಿಲ್ ಸಿಗದೆ ಇಡೀ ಎಂಜಿನ್ ಹೋಗುತ್ತಿತ್ತು. ನನ್ನ ಪ್ರಕಾರ ಈ ಪ್ರಕರಣದ ಅತಿ ಒಳ್ಳೆಯ ತೀರ್ಮಾನ ಮೇಸ್ತ್ರಿಯ ಆ ಹಟ.

ಆಮೇಲೆ

ಡಿಸ್ಟ್ರಿಬ್ಯೂಟರ್ ತಿರುಗಿಸಿ ಪುಸ್ತಕದ ಅಂಕಿಗೆ ತಂದಾಗ ಕ್ಲಾಂಪ್ ಆ ಹಳೆ ಗುರುತಿನ ಹತ್ತಿರವೇ ಹೋಗಿ ಕೂತಿತು. ವ್ಯಾಕ್ಯೂಮ್ 19 ಇಂಚು. ಕಂಪ್ರೆಶನ್ ಎಂಟರಲ್ಲೂ 148ರಿಂದ 155. ಅದೇ ರಸ್ತೆಯಲ್ಲಿ 40ರಿಂದ 60 ಮೈಲಿಗೆ ಏರಲು ಈಗ 7 ಸೆಕೆಂಡಿನ ಒಳಗೆ. ಪೆಟ್ರೋಲ್ ಖರ್ಚು ಈ ಗಾತ್ರದ ಕಾರಿಗೆ ಸಹಜ ಅನ್ನುವಷ್ಟಕ್ಕೆ ಇಳಿಯಿತು. ಇಜಿಆರ್, ಏರ್ ಪಂಪ್, ಕನ್ವರ್ಟರ್ ಎಲ್ಲ ಇದ್ದಲ್ಲೇ ಇವೆ, ಕೆಲಸವನ್ನೂ ಮಾಡುತ್ತಿವೆ.

ಮಾಲೀಕರಿಗೆ ಪೂರ್ತಿ ತೃಪ್ತಿ ಆಯಿತಾ ಅಂದರೆ, ಮೊದಲಿಗೆ ಇಲ್ಲ. ಪಿಸ್ಟನ್ ಸಮೇತ ಬದಲಿಸಿ 1970ರ ಕಂಪ್ರೆಶನ್ ತರಬಹುದಲ್ಲ ಅಂತ ಕೇಳಿದರು. ತರಬಹುದು. ಲೆಕ್ಕ ಮಾಡಿ ತಂದರೆ ತಪ್ಪೂ ಇಲ್ಲ. ಆದರೆ ಆಗ ಅದು 1976ರ ಎಂಜಿನ್ ಆಗಿ ಉಳಿಯುವುದಿಲ್ಲ. 1976 ಅಂದರೆ 500 ಕ್ಯೂಬಿಕ್ ಇಂಚಿನ ಕೊನೆಯ ವರ್ಷ. 1977ರಲ್ಲಿ ಕ್ಯಾಡಿಲಾಕ್ 425 ಕ್ಯೂಬಿಕ್ ಇಂಚಿಗೆ ಇಳಿಯಿತು, ದೊಡ್ಡ ಸೆಡಾನುಗಳ ತೂಕವನ್ನೂ ಸುಮಾರು 400 ಕೆಜಿ ಇಳಿಸಿತು. 1981ರಲ್ಲಿ ಎಂಟು, ಆರು, ನಾಲ್ಕು ಸಿಲಿಂಡರಿನಲ್ಲಿ ಬದಲಾಯಿಸಿಕೊಂಡು ಓಡುವ ಎಂಜಿನ್ ಬಂತು, 1982ರಲ್ಲಿ 4.1 ಲೀಟರಿನ 125 ಹಾರ್ಸ್‌ಪವರಿನದು. ಹೊಗೆ ಮತ್ತು ಮೈಲೇಜ್ ಕಾನೂನುಗಳ ನಡುವೆ, ಗಾತ್ರವನ್ನೇ ನಂಬಿದ ಅಮೆರಿಕನ್ ಐಷಾರಾಮಿ ಎಂಜಿನ್ನಿನ ಕೊನೆಯ ಘಟ್ಟ ಈ ಕಾರಿನಲ್ಲಿದೆ. ಅದನ್ನು ಹಾಗೇ ಉಳಿಸಿಕೊಳ್ಳಿ ಸಾರ್ ಅಂದೆ. ಕೆಲವು ವಾರ ಓಡಿಸಿದ ಮೇಲೆ ಅವರೇ ಆ ಮಾತು ಬಿಟ್ಟರು. ಹಳೆ ಹೆಡ್ ಜೊತೆಯನ್ನು 1970ರ ಎಲ್ಡೊರಾಡೊ ಇಟ್ಟುಕೊಂಡವರೊಬ್ಬರಿಗೆ ಮಾರಿದರು.

ಇಂಥ ಕಾರು ಇರುವವರಿಗೆ ನನ್ನ ಸಲಹೆ, ಇದೇ ಅನುಕ್ರಮ ಹಿಡಿಯಿರಿ. ಮೊದಲು ವ್ಯಾಕ್ಯೂಮ್ ಗೇಜ್, ನಿಂತಲ್ಲಿ ಒಮ್ಮೆ, 2,500ರಲ್ಲಿ ಒಮ್ಮೆ. ಆಮೇಲೆ ಕಂಪ್ರೆಶನ್. ಆಮೇಲೆ ಕ್ರ್ಯಾಂಕ್ ಹಿಂದೆ ಮುಂದೆ ಮಾಡಿ ರೋಟರ್ ನೋಡುವುದು. ಮೂರಕ್ಕೂ ಸೇರಿ ಒಂದು ಮಧ್ಯಾಹ್ನ ಸಾಕು, ಹೊಸ ಪಾರ್ಟ್ ಒಂದೂ ಬೇಡ. ನಿಮ್ಮ ಹತ್ತಿರ 472 ಅಥವಾ 500 ಇದ್ದು, ಟೈಮಿಂಗ್ ಗೇರ್ ಬದಲಿಸಿದ ದಾಖಲೆ ಇಲ್ಲದಿದ್ದರೆ, ಕಾರು ಚೆನ್ನಾಗಿ ಎಳೆಯುತ್ತಿದ್ದರೂ ಈ ಸೀಸನ್ನಿನಲ್ಲೇ ಮುಂದಿನ ಕವರ್ ತೆಗೆಸಿ ನೋಡಿ. ನೈಲಾನ್ ಉದುರಿದ್ದು ಕಂಡರೆ ಆಯಿಲ್ ಪ್ಯಾನ್ ಇಳಿಸದೆ ಕವರ್ ಮುಚ್ಚಬೇಡಿ.